ನೌಕಾಯಾನವೂ ನದೀವಾರ್ತೆಯೂ

ನಾನು ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ರಜೆಗೆಂದು ಊರಿಗೆ ಹೋಗಬೇಕಾದರೆ ಒಂದು ಹೊಳೆಯನ್ನು ದೋಣಿಯಲ್ಲಿ ದಾಟಬೇಕಾಗಿದ್ದಿತು. ಆ ಕಡವಿನ ಅಂಬಿಗನು ಅಕ್ಷರಾಭ್ಯಾಸವನ್ನು ಮಾಡಿದವನಲ್ಲ. ಆದರೆ ಯಾವ ಮಾಸದಲ್ಲಿ ಮರಳಿನ ದಿಬ್ಬವು ಯಾವ ದಂಡೆಗೆ ಸರಿಯುವುದು, ಭರತದ ನೀರು ಎಷ್ಟು ಹೊತ್ತಿಗೆ ಏರುವುದು, ಯಾವ ಬಂಡೆಯು ಎಷ್ಟು ನೀರಿನ ಅಡಿಯಲ್ಲಿ ಅಡಗಿರುವುದು ಎಂಬುದೆಲ್ಲವೂ ಆತನಿಗೆ ಕರತಲಾಮಲಕವಾಗಿದ್ದಿತು. ಹೊಳೆಯ ತಿರುವು ಬಂದೊಡನೆ ಆತನು ದೀರ್ಘವಾಗಿ ಒಂದು ಕೂಗನ್ನು ಹಾಕುವನು. ಆಚೆಯಿಂದ ಬೇರೊಂದು ದೋಣಿಯು ಬರುತ್ತಿದ್ದರೆ ಮರುಕೂಗು ಕೇಳಿಬರುವುದು. ಬರದಿದ್ದರೆ ದಾರಿಯು ನಿರ್ಬಾಧವೆಂದು ತಿಳಿದು ಹುಟ್ಟು ಹಾಕುವನು. ಒಮ್ಮೆ ಆತನು ಜ್ವರದಿಂದ ನಾಲ್ಕು ದಿನ ಮಲಗಿದನು. ಆ ನಾಲ್ಕು ದಿನವೂ ಕಡವು ನಿಂತೇಹೋಯಿತು. ದೋಣಿಯಿದ್ದಿತು, ನೀರಿದ್ದಿತು, ದಾಟಬೇಕಾದ ಜನರೂ ಇದ್ದರು. ಹೊಳೆಯ ಅರಿವು ಮಾತ್ರ ಗುಡಿಸಲಿನೊಳಗೆ ಚಾಪೆಯ ಮೇಲೆ ಮಲಗಿದ್ದಿತು.

ನದಿಯು ಎಲ್ಲರದಾದರೂ ನದಿಯ ಅರಿವು ಬಹುಕಾಲದವರೆಗೆ ಕೆಲವರದು ಮಾತ್ರವಾಗಿದ್ದಿತೆಂಬುದಕ್ಕೆ ಇದೊಂದು ಸಣ್ಣ ದೃಷ್ಟಾಂತವು. ಆ ಅರಿವು ಒಬ್ಬನ ತಲೆಯಿಂದ ಇಳಿದು ಎಲ್ಲರ ಕೈಗೆ ಬಂದುದು ಹೇಗೆ, ಅದರಿಂದಾದ ಉಪಕಾರವೇನು, ಇನ್ನೂ ಉಳಿದಿರುವ ಕೊರತೆಯೇನು ಎಂಬುದನ್ನು ವಾಚಕ ಮಹಾಶಯರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶವು. ಈ ಕಾಲದಲ್ಲಿ ಕಂಪ್ಯೂಟರಿನ ಮೂಲಕ ನಡೆಯುತ್ತಿರುವ ನದೀವಾರ್ತಾ ಸೇವೆಯು ಯಾರೋ ಒಬ್ಬ ಯಂತ್ರಜ್ಞನು ಒಂದು ಬೆಳಗಿನಲ್ಲಿ ಕಂಡುಹಿಡಿದ ಅದ್ಭುತವಲ್ಲ. ಎರಡು ಶತಮಾನಗಳ ಹೊಂದಾಣಿಕೆಯ ಫಲವೆಂದು ಇತಿಹಾಸವನ್ನು ನೋಡಿದವರಿಗೆ ವಿದಿತವಾಗುವುದು.

ನಮ್ಮ ಪ್ರಾಚೀನರು ಜಲಮಾರ್ಗದ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ಮಹಾನದಿಗಳಲ್ಲಿ ನಡೆಯುವ ದೊಡ್ಡ ನೌಕೆಗಳಿಗೆ ಶಾಸಕ, ನಿಯಾಮಕ, ದಾತ್ರವನ್ನೂ ಹಗ್ಗವನ್ನೂ ಹಿಡಿಯುವವರು, ಒಳಗೆ ಸೇರಿದ ನೀರನ್ನು ಎತ್ತಿ ಚೆಲ್ಲುವ ಉತ್ಸೇಚಕರು ಇವರೆಲ್ಲರೂ ಇರಬೇಕೆಂದು ಅಲ್ಲಿ ವಿಧಿಸಿದೆ. ಅಕಾಲದಲ್ಲಿಯೂ ಅಸ್ಥಳದಲ್ಲಿಯೂ ನದಿಯನ್ನು ದಾಟುವವರಿಗೆ ದಂಡವುಂಟು. ದಾಟುವುದಕ್ಕೆ ಕೊಡತಕ್ಕ ಶುಲ್ಕಗಳ ಪಟ್ಟಿಯೂ ಉಂಟು. ಹೀಗೆ ರಾಜಶಾಸನವು ದೋಣಿಯನ್ನೂ ಶುಲ್ಕವನ್ನೂ ವಿಧಿಗೆ ಒಳಪಡಿಸಿತು. ಆದರೆ ಇಂದು ನೀರು ಎಷ್ಟು ಆಳವಾಗಿದೆ, ಮುಂದಿನ ತಿರುವಿನಲ್ಲಿ ಯಾರು ಬರುತ್ತಿದ್ದಾರೆ ಎಂಬ ಸಂಗತಿಯು ನಿಯಾಮಕನ ಕಣ್ಣು ಕಿವಿಗಳಿಗೇ ಬಿಡಲ್ಪಟ್ಟಿದ್ದಿತು. ಜಗತ್ತಿನ ಇತರ ದೇಶಗಳಲ್ಲಿಯೂ ಆ ಕಾಲದ ಸ್ಥಿತಿಯು ಇದಕ್ಕಿಂತ ಬೇರೆಯಾಗಿರಲಿಲ್ಲ.

ಈ ಸ್ಥಿತಿಯು ಬದಲಾದ ಬಗೆಯನ್ನು ತಿಳಿಯುವುದಕ್ಕೆ ಯೂರೋಪು ಖಂಡದ ರೈನ್ ನದಿಗಿಂತ ಉತ್ತಮವಾದ ಉದಾಹರಣೆಯು ಸಿಕ್ಕುವುದು ಕಷ್ಟ. ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿಗಳನ್ನು ಮುಟ್ಟಿ, ನೆದರ್ಲೆಂಡ್ಸಿನಲ್ಲಿ ಸಮುದ್ರವನ್ನು ಸೇರುವ ಈ ನದಿಯು ಮಧ್ಯಯುಗದಿಂದಲೂ ಆ ಖಂಡದ ಹೆದ್ದಾರಿಯಾಗಿದೆ. ಆದರೆ ಅಂದು ಅದು ಒಬ್ಬರ ಹೆದ್ದಾರಿಯಾಗಿರಲಿಲ್ಲ. ದಂಡೆಯ ಮೇಲೆ ಕೋಟೆಯುಳ್ಳ ಪ್ರತಿಯೊಬ್ಬ ಪಾಳೆಯಗಾರನೂ ತನ್ನ ಪಾಲಿನ ನೀರಿಗೆ ತಾನೇ ಒಡೆಯನೆಂದು ಎಣಿಸಿ ಸುಂಕವನ್ನು ಕೀಳುತ್ತಿದ್ದನು. ಹತ್ತಾರು ಸುಂಕದ ಕಟ್ಟೆಗಳನ್ನು ದಾಟುವಷ್ಟರಲ್ಲಿ ವರ್ತಕನ ಲಾಭವೆಲ್ಲವೂ ಕರಗಿಹೋಗುತ್ತಿದ್ದಿತು.

ಇಂತಹ ಕಟ್ಟೆಗಳಲ್ಲಿ ಕೌಬ್ ಎಂಬ ಊರಿನದು ಪ್ರಸಿದ್ಧವಾದುದು. ಬವೇರಿಯದ ಲುಡ್ವಿಗ್ ದೊರೆಯು 1326–27ರಲ್ಲಿ ಅಲ್ಲಿಯ ನದೀಮಧ್ಯದ ಬಂಡೆಯ ಮೇಲೆ ಒಂದು ಗೋಪುರವನ್ನು ಕಟ್ಟಿಸಿದನು. ಪ್ಫಾಲ್ಜ್‌ಗ್ರಾಫೆನ್‌ಸ್ಟೈನ್ ಎಂಬ ಹೆಸರಿನ ಆ ಕೋಟೆಯು ಈಗಲೂ ಕಲ್ಲಿನ ಹಡಗಿನಂತೆ ನೀರಿನ ನಡುವೆ ನಿಂತಿದೆ. ಸುಂಕವನ್ನು ಕೊಡದೆ ಯಾವ ನೌಕೆಯೂ ಅಲ್ಲಿಂದ ಮುಂದೆ ಹೋಗುವಂತಿರಲಿಲ್ಲ. ಈ ಊರಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬೇರೊಂದು ಕಾರಣಕ್ಕಾಗಿ ನಾವು ಇಲ್ಲಿಗೇ ಮರಳಿ ಬರಬೇಕಾಗಿದೆ.

ನೆಪೋಲಿಯನ್ನನ ಯುದ್ಧಗಳು ಮುಗಿದ ತರುವಾಯ 1815ರಲ್ಲಿ ವಿಯೆನ್ನಾ ನಗರದಲ್ಲಿ ಕೂಡಿದ ರಾಜ್ಯಗಳು, ಹಲವು ದೇಶಗಳಲ್ಲಿ ಹರಿಯುವ ನದಿಗಳು ಎಲ್ಲರ ವ್ಯಾಪಾರಕ್ಕೂ ತೆರೆದಿರತಕ್ಕದ್ದೆಂಬ ತತ್ತ್ವವನ್ನು ಅಂಗೀಕರಿಸಿದವು. ಅದನ್ನು ಕಾರ್ಯಕ್ಕೆ ತರುವುದಕ್ಕಾಗಿ ಏರ್ಪಟ್ಟ ರೈನ್ ನೌಕಾಯಾನದ ಕೇಂದ್ರ ಆಯೋಗವು 1816ರಲ್ಲಿ ಮೈನ್ಸ್ ನಗರದಲ್ಲಿ ಮೊದಲ ಸಭೆಯನ್ನು ಸೇರಿಸಿತು. ಇಂದಿಗೂ ಕೆಲಸ ಮಾಡುತ್ತಿರುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಇದೇ ಅತ್ಯಂತ ಹಳೆಯದು. ಈಗ ಅದರ ಕಚೇರಿಯು ಸ್ಟ್ರಾಸ್‌ಬುರ್ಗ್ ನಗರದಲ್ಲಿದೆ. ತತ್ತ್ವವನ್ನು ಒಪ್ಪುವುದು ಸುಲಭ, ಸುಂಕವನ್ನು ಬಿಡುವುದು ಕಷ್ಟ. 1831ರಲ್ಲಿ ಒಂದು ಒಪ್ಪಂದ, ಆಮೇಲೆ 1868ರಲ್ಲಿ ಮಾನ್‌ಹೈಮ್ ನಗರದ ಒಪ್ಪಂದ, ಹೀಗೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲವು ಕಳೆಯಿತು. ಕೌಬ್ ಕೋಟೆಯ ಸುಂಕವು 1867ರವರೆಗೂ ನಡೆದೇ ಇದ್ದಿತು. ಮಾನ್‌ಹೈಮ್ ಒಪ್ಪಂದದಿಂದ ಸುಂಕವು ತೊಲಗಿದುದಲ್ಲದೆ, ಇಡೀ ನದಿಗೆ ಒಂದೇ ವಿಧವಾದ ಸಂಚಾರ ನಿಯಮಗಳೂ ನಾವಿಕರಿಗೆ ಯೋಗ್ಯತಾಪತ್ರಗಳೂ ಸ್ಥಿರವಾದವು.

ದಾರಿಯು ತೆರೆಯಿತು, ಆದರೆ ದಾರಿಯ ಅಪಾಯವು ಹೋಗಲಿಲ್ಲ. ಕೌಬಿನಿಂದ ಸ್ವಲ್ಪ ಕೆಳಗೆ ಲೊರೆಲೈ ಎಂಬ ಕಡಿದಾದ ಬಂಡೆಯಿದೆ. ಅದರ ಮೇಲೆ ಕುಳಿತ ಮೋಹಿನಿಯೊಬ್ಬಳು ಹಾಡಿ ನಾವಿಕರನ್ನು ಮರುಳುಗೊಳಿಸಿ ಮುಳುಗಿಸುವಳೆಂದು ಆ ಸೀಮೆಯ ಕಥೆಯು. ವಾಸ್ತವದಲ್ಲಿ ನಾವಿಕರನ್ನು ಮುಳುಗಿಸುತ್ತಿದ್ದುದು ಮೋಹಿನಿಯಲ್ಲ, ತಿರುವು. ನದಿಯು ಅಲ್ಲಿ ಕಿರಿದಾಗಿ, ವೇಗವಾಗಿ, ಬೆಟ್ಟವನ್ನು ಸುತ್ತಿಕೊಂಡು ತಿರುಗುತ್ತದೆ. ಎದುರಿನಿಂದ ಬರುವ ಹಡಗು ಕೊನೆಯ ಗಳಿಗೆಯವರೆಗೆ ಕಾಣುವುದಿಲ್ಲ. ಆದುದರಿಂದ 19ನೆಯ ಶತಮಾನದಲ್ಲಿ ಅಲ್ಲಿಯ ದಂಡೆಗಳ ಮೇಲೆ ಕಾವಲುಗಾರರು ನಿಯಮಿಸಲ್ಪಟ್ಟರು. ಮೇಲಿನಿಂದ ಇಳಿದುಬರುವ ಹಡಗನ್ನು ಕಂಡೊಡನೆ ಅವರು ಬಾವುಟವನ್ನು ಏರಿಸಿ, ಕೆಳಗಿನಿಂದ ಹತ್ತಿಬರುವವರಿಗೆ ಎಚ್ಚರಿಕೆ ಕೊಡುವರು. ಪ್ರವಾಹದೊಡನೆ ಇಳಿಯುವ ಹಡಗು ತಟ್ಟನೆ ನಿಲ್ಲಲಾರದು. ಪ್ರವಾಹಕ್ಕೆ ಎದುರಾಗಿ ಹತ್ತುವ ಹಡಗಾದರೋ ನಿಂತು ದಾರಿ ಬಿಡಬಲ್ಲುದು. ಈ ಎಚ್ಚರಿಕೆಗೆ ಜರ್ಮನ್ ಭಾಷೆಯಲ್ಲಿ ‘ವಾರ್‌ಷೌ’ ಎಂದು ಹೆಸರು. ಬಿಂಗೆನ್ ಎಂಬಲ್ಲಿ ನದಿಯ ನಡುವಣ ಹಳೆಯ ಗೋಪುರವೊಂದು 1974ರವರೆಗೆ ಇಂತಹ ಸಂಕೇತಗಳಿಗಾಗಿಯೇ ಉಪಯೋಗಿಸಲ್ಪಡುತ್ತಿದ್ದಿತು. ಲೊರೆಲೈ ತಿರುವಿನಲ್ಲಿ 1972ರಿಂದ ಬಾವುಟದ ಬದಲಾಗಿ ದೀಪಗಳ ಸಂಕೇತವು ಬಂದಿತು. ನನ್ನ ಅಂಬಿಗನ ಕೂಗಿಗೂ ಈ ಬಾವುಟಕ್ಕೂ ಈ ದೀಪಕ್ಕೂ ಉದ್ದೇಶವು ಒಂದೇ: ಕಾಣದವನಿಗೆ ಕಂಡವನು ಹೇಳುವುದು.

ಇಪ್ಪತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಈ ಹೇಳುವ ಕೆಲಸವು ಡಿಜಿಟಲ್ ಯಂತ್ರಗಳಿಗೆ ವಹಿಸಲ್ಪಟ್ಟಿತು. ಯೂರೋಪಿನ ದೇಶಗಳು ಕೆಲವು ವರ್ಷಗಳ ಪ್ರಯೋಗದ ಬಳಿಕ 2005ರಲ್ಲಿ ನದೀವಾರ್ತಾ ಸೇವೆಯ ವಿಷಯವಾಗಿ ಒಂದು ಸಾಮಾನ್ಯ ನಿಬಂಧನೆಯನ್ನು ಮಾಡಿಕೊಂಡವು. ಈ ಸೇವೆಗೆ ನಾಲ್ಕು ಅಂಗಗಳು. ಮೊದಲನೆಯದು, ನದಿಯ ಆಳ, ಸೇತುವೆ, ದಂಡೆ, ಗುರುತುಕಂಬ ಇವೆಲ್ಲವನ್ನೂ ತೋರಿಸುವ ವಿದ್ಯುನ್ಮಾನ ಭೂಪಟ. ಎರಡನೆಯದು, ದಾರಿಯಲ್ಲಿ ಉಂಟಾದ ತಡೆಗಳನ್ನೂ ನೀರಿನ ಮಟ್ಟವನ್ನೂ ತಿಳಿಸುವ ನಾವಿಕ ಪ್ರಕಟನೆಗಳು. ಮೂರನೆಯದು, ಪ್ರತಿಯೊಂದು ಹಡಗೂ ತನ್ನ ಹೆಸರು, ಇರುವ ಸ್ಥಳ, ವೇಗ, ದಿಕ್ಕು, ಉದ್ದ ಇವುಗಳನ್ನು ರೇಡಿಯೋ ಮೂಲಕ ತಾನಾಗಿಯೇ ಸಾರುತ್ತಲೂ ಇತರ ಹಡಗುಗಳು ಸಾರಿದುದನ್ನು ಕೇಳುತ್ತಲೂ ಇರುವ ಸ್ವಯಂಪರಿಚಯ ಯಂತ್ರ. ನಾಲ್ಕನೆಯದು, ತಾನು ಹೊತ್ತ ಸರಕಿನ ವಿವರವನ್ನು ನದೀಕೇಂದ್ರಕ್ಕೆ ಮುಂಗಡವಾಗಿ ತಿಳಿಸುವ ವರದಿ. ರೈನ್ ನದಿಯಲ್ಲಿ ಕಂಟೇನರುಗಳನ್ನು ಒಯ್ಯುವ ಹಡಗುಗಳಿಗೆ ಈ ವರದಿಯು 2010ರಲ್ಲಿ ಕಡ್ಡಾಯವಾಯಿತು. ಸ್ವಯಂಪರಿಚಯ ಯಂತ್ರವೂ ಅದರೊಡನೆ ವಿದ್ಯುನ್ಮಾನ ಭೂಪಟವೂ 2014ರ ಡಿಸೆಂಬರ್ 1ರಿಂದ ಕಡ್ಡಾಯವಾದವು.

ಇವುಗಳ ಪ್ರಯೋಜನವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಬೆಟ್ಟದ ಮರೆಯಲ್ಲಿರುವ ಹಡಗು ಈಗ ನಾವಿಕನ ಮುಂದಿನ ಪಟದ ಮೇಲೆ ಕಾಣುತ್ತದೆ. ಎರಡು ಬಾಗಿಲುಗಳ ನಡುವೆ ಹಡಗನ್ನು ನಿಲ್ಲಿಸಿ ನೀರನ್ನು ಏರಿಸಿ ಇಳಿಸುವ ಕಟ್ಟೆಯವರಿಗೆ, ಯಾವ ಹಡಗು ಯಾವ ಹೊತ್ತಿಗೆ ಬರುವುದೆಂದು ಮೊದಲೇ ತಿಳಿಯುತ್ತದೆ. ತನ್ನ ಸರದಿಯು ತಡವೆಂದು ತಿಳಿದ ನಾವಿಕನು ಎಣ್ಣೆಯನ್ನು ವ್ಯರ್ಥವಾಗಿ ಉರಿಸಿ ಧಾವಿಸದೆ ನಿಧಾನವಾಗಿ ಬರುತ್ತಾನೆ. ಅಪಘಾತವಾದರೆ, ಒಳಗಿರುವುದು ಗೋಧಿಯೋ ಆಮ್ಲವೋ ಎಂಬುದನ್ನು ಬೆಂಕಿ ಆರಿಸುವವರು ಹಡಗನ್ನು ಮುಟ್ಟುವ ಮೊದಲೇ ತಿಳಿಯಬಲ್ಲರು.

ಭಾಷೆಯ ತೊಡಕನ್ನು ಬಿಡಿಸಿದ ರೀತಿಯು ನನ್ನಂತಹ ವ್ಯಾಕರಣದ ವಿದ್ಯಾರ್ಥಿಗೆ ವಿಶೇಷ ಸಂತೋಷವನ್ನು ಕೊಟ್ಟಿತು. ಡ್ಯಾನ್ಯೂಬ್ ನದಿಯು ಹತ್ತು ದೇಶಗಳನ್ನು ಮುಟ್ಟುತ್ತದೆ. ಭಾಷೆಗಳೂ ಬಹುತೇಕ ಅಷ್ಟೇ. ಹಂಗೇರಿಯವನು ಬರೆದ ಪ್ರಕಟನೆಯನ್ನು ರುಮೇನಿಯದ ನಾವಿಕನು ಓದುವುದೆಂತು? ಇದಕ್ಕಾಗಿ ‘ಸೇತುವೆಯ ಕೆಳಗೆ ಕೆಲಸ ನಡೆದಿದೆ’, ‘ದಾರಿ ಮುಚ್ಚಿದೆ’ ಎಂಬಂತಹ ಪ್ರತಿಯೊಂದು ಅರ್ಥಕ್ಕೂ ಒಂದೊಂದು ಸಂಕೇತವನ್ನು ನಿಶ್ಚಯಿಸಿ, ಆ ಸಂಕೇತವನ್ನೇ ಕಳುಹಿಸುವರು. ಓದುವವನ ಯಂತ್ರವು ಅದನ್ನು ಅವನ ಭಾಷೆಯಲ್ಲಿ ಬಿಡಿಸಿ ತೋರಿಸುವುದು. ಎರಡು ಅಕ್ಷರಗಳ ಒಂದು ಪ್ರತ್ಯಾಹಾರದಲ್ಲಿ ವರ್ಣಗಳ ಗುಂಪನ್ನೇ ಅಡಗಿಸಿದ ಪಾಣಿನಿಯ ನಾಡಿನವರಿಗೆ ಈ ಉಪಾಯವು ಅಪರಿಚಿತವೆನಿಸದು. 2022ರಿಂದ ಹದಿಮೂರು ದೇಶಗಳ ಜಲಮಾರ್ಗದ ವಾರ್ತೆಯು ‘ಯೂರಿಸ್’ ಎಂಬ ಒಂದೇ ಬಾಗಿಲಿನಲ್ಲಿ ದೊರೆಯುವಂತಾಗಿದೆ.

ಈಗ ಕೌಬಿಗೆ ಮರಳೋಣ. ಅಲ್ಲಿ ನದಿಯ ನೀರನ್ನು ಅಳೆಯುವ ಕೋಲೊಂದು ಸ್ಥಾಪಿತವಾಗಿದೆ. ನಡುರೈನಿನಲ್ಲಿ ಅತ್ಯಂತ ತೆಳುವಾದ ನೀರು ಅಲ್ಲಿಯೇ ಇರುವುದರಿಂದ, ಆ ಕೋಲಿನ ಅಂಕವನ್ನು ನೋಡಿಯೇ ಹಡಗಿಗೆ ಎಷ್ಟು ಭಾರ ಹೇರಬಹುದೆಂದು ನಿಶ್ಚಯಿಸುವರು. 110 ಮೀಟರ್ ಉದ್ದ, 11 ಮೀಟರಿಗೆ ತುಸು ಮಿಕ್ಕ ಅಗಲದ ಹಡಗೊಂದು ಹತ್ತು ಸೆಂಟಿಮೀಟರ್ ಕಡಿಮೆ ಮುಳುಗಬೇಕಾದರೆ ಸುಮಾರು ನೂರು ಟನ್ ಸರಕನ್ನು ಬಿಟ್ಟುಹೋಗಬೇಕೆಂದು ಲೆಕ್ಕ ಹಾಕಿದರೆ ಗೊತ್ತಾಗುವುದು. 2018ರ ಅಕ್ಟೋಬರಿನಲ್ಲಿ ಕೌಬಿನ ಅಂಕವು ಹಿಂದೆಂದೂ ಇಲ್ಲದಂತೆ 25 ಸೆಂಟಿಮೀಟರಿಗೆ ಇಳಿಯಿತು. ನದಿಯಲ್ಲಿ ಇದ್ದುದೇ ಅಷ್ಟು ನೀರೆಂದು ಇದರ ಅರ್ಥವಲ್ಲ; ಕೋಲಿನ ಸೊನ್ನೆಯು ತಳದಲ್ಲಿಲ್ಲದ ಕಾರಣ ಹಡಗಿನ ದಾರಿಯಲ್ಲಿ ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ಆಳವಿದ್ದಿತು. ಆದರೂ ಹಡಗುಗಳು ತಮ್ಮ ಶಕ್ತಿಯ ಅಲ್ಪಭಾಗವನ್ನು ಮಾತ್ರ ಹೊತ್ತು ನಡೆದವು. ಮೇಲ್ದಂಡೆಯ ಲುಡ್ವಿಗ್ಸ್‌ಹಾಫೆನ್ನಿನ ದೊಡ್ಡ ರಾಸಾಯನಿಕ ಕಾರ್ಖಾನೆಯು ತನ್ನ ಉತ್ಪತ್ತಿಯನ್ನು ಕುಗ್ಗಿಸಬೇಕಾಯಿತು. ಅರಿವಿನಿಂದ ನೀರು ಹೆಚ್ಚಲಿಲ್ಲವೆಂಬುದು ನಿಜ. ಆದರೆ ಆ ಅಂಕವನ್ನು ವರ್ತಕ, ನಾವಿಕ, ಕಾರ್ಖಾನೆಯವರೆಲ್ಲರೂ ಏಕಕಾಲದಲ್ಲಿ ಬಲ್ಲವರಾದುದರಿಂದ, ಎಷ್ಟು ಹೇರಬಹುದೆಂಬುದನ್ನು ಯಾರೂ ಊಹೆಗೆ ಬಿಡಬೇಕಾಗಿರಲಿಲ್ಲ. ಯಾವ ಊರಿನಲ್ಲಿ ದುಡ್ಡು ಕೊಡದವನಿಗೆ ದಾರಿಯಿರಲಿಲ್ಲವೋ, ಅದೇ ಊರಿನ ನೀರಿನ ಲೆಕ್ಕವು ಈಗ ಕೇಳಿದವರಿಗೆಲ್ಲ ದುಡ್ಡಿಲ್ಲದೆ ದೊರೆಯುತ್ತದೆ. ಇತಿಹಾಸದ ಗತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ಇಷ್ಟಾದರೂ ಯಂತ್ರವನ್ನು ನಂಬಿ ಮೈಮರೆಯುವಂತಿಲ್ಲ. 2011ರ ಜನವರಿ 13ರ ಬೆಳಗಿನ ಜಾವದಲ್ಲಿ ‘ವಾಲ್ಡ್‌ಹೋಫ್’ ಎಂಬ ಹಡಗು ಸುಮಾರು 2,400 ಟನ್ ಗಂಧಕಾಮ್ಲವನ್ನು ಹೊತ್ತು ಇಳಿಯುತ್ತಿದ್ದಾಗ ಲೊರೆಲೈ ಬಳಿಯಲ್ಲಿ ಮಗುಚಿಕೊಂಡಿತು. ನಾಲ್ವರಲ್ಲಿ ಇಬ್ಬರು ಪ್ರಾಣವನ್ನು ಕಳೆದುಕೊಂಡರು. ನೂರಾರು ಹಡಗುಗಳು ವಾರಗಟ್ಟಲೆ ಕಾದು ನಿಂತವು. ತೊಟ್ಟಿಗಳನ್ನು ಪೂರ್ತಿ ತುಂಬದೆ ಭಾಗಶಃ ತುಂಬಿದ್ದ ಕಾರಣ ಒಳಗಿನ ದ್ರವವು ತುಳುಕಾಡಿ, ಹಡಗಿನ ಸ್ಥಿರತೆಯು ಸಾಲದೆ ಹೋಯಿತೆಂದು ಆಮೇಲಿನ ತನಿಖೆಯಲ್ಲಿ ಕಂಡುಬಂದಿತು. ಹೊರಗಿನ ದಾರಿಯ ವಾರ್ತೆಯನ್ನೆಲ್ಲ ತಿಳಿದರೂ ಒಳಗಿನ ಹೇರಿಕೆಯು ಸರಿಯಿಲ್ಲದಿದ್ದರೆ ಆ ವಾರ್ತೆಯು ಕಾಪಾಡಲಾರದು. ಅಲ್ಲದೆ, ಹಂಚಿಕೊಂಡ ಅರಿವು ಹಂಚುವವರ ಸತ್ಯವನ್ನೇ ಅವಲಂಬಿಸಿರುವುದು. ಒಂದು ಹಡಗು ತನ್ನ ಉದ್ದವನ್ನೋ ಸರಕನ್ನೋ ತಪ್ಪಾಗಿ ಸಾರಿದರೆ ಆ ತಪ್ಪು ಆ ದಾರಿಯ ಎಲ್ಲರ ತಪ್ಪಾಗಿಬಿಡುವುದು. ತನ್ನ ಹಡಗು ಎಲ್ಲಿದೆಯೆಂಬುದನ್ನು ಪ್ರತಿಸ್ಪರ್ಧಿಯೂ ನೋಡುವನಲ್ಲವೇ ಎಂಬ ನಾವಿಕರ ಅಳುಕೂ ನಿರಾಧಾರವಲ್ಲ. ಆದುದರಿಂದಲೇ 2005ರ ನಿಬಂಧನೆಯಲ್ಲಿ ಖಾಸಗಿ ಸಂಗತಿಗಳ ರಕ್ಷಣೆಗೂ ಸ್ಥಾನವನ್ನು ಕೊಟ್ಟಿದ್ದಾರೆ. ನೆರೆಹೊರೆಯವನ ಕ್ಷೇಮಕ್ಕೆ ಬೇಕಾದಷ್ಟನ್ನು ಹೇಳುವುದು ಧರ್ಮ. ಅದಕ್ಕೂ ಮಿಕ್ಕು ಕೇಳುವುದು ಕುತೂಹಲ. ಇವೆರಡರ ನಡುವಣ ಗೆರೆಯನ್ನು ಎಳೆಯುವುದು ಯಂತ್ರದ ಕೆಲಸವಲ್ಲ, ಮನುಷ್ಯರದು.

ನಮ್ಮ ದೇಶದ ಕಡೆಗೆ ತಿರುಗಿದರೆ, ಗಂಗಾನದಿಯಲ್ಲಿ 1834ರಲ್ಲಿಯೇ ಕಲ್ಕತ್ತೆಯಿಂದ ಅಲಹಾಬಾದಿಗೆ ಸ್ಟೀಮರುಗಳ ಸಂಚಾರವು ಮೊದಲಾಯಿತು. ರೈಲುಮಾರ್ಗವು ಬಂದ ಮೇಲೆ ಅದು ಕ್ರಮೇಣ ಕ್ಷೀಣಿಸಿತು. ರೈನ್ ನದಿಗೂ ಗಂಗೆಗೂ ಒಂದು ಮುಖ್ಯವಾದ ಭೇದವುಂಟು. ರೈನಿನ ದಂಡೆಗಳನ್ನು ಬಹುಮಟ್ಟಿಗೆ ಕಟ್ಟಿ ನಿಲ್ಲಿಸಿದ್ದಾರೆ. ಗಂಗೆಯಾದರೋ ಪ್ರತಿ ಮಳೆಗಾಲದಲ್ಲಿಯೂ ರಾಶಿ ರಾಶಿ ಮರಳನ್ನು ತಂದು ತನ್ನ ದಾರಿಯನ್ನು ತಾನೇ ಬದಲಿಸುತ್ತಾಳೆ. ಬಿದಿರಿನ ತಡಿಕೆಗಳನ್ನು ನೀರಿನಲ್ಲಿ ನೆಟ್ಟು, ಪ್ರವಾಹವನ್ನು ಒಂದು ಕಡೆಗೆ ಒತ್ತಿ, ದಾರಿಯನ್ನು ಆಳ ಮಾಡಿಕೊಳ್ಳುವ ಪದ್ಧತಿಯು ಅಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಹೋದ ವರ್ಷದ ಭೂಪಟವು ಅಲ್ಲಿ ಈ ವರ್ಷದ ನಾವಿಕನಿಗೆ ಹಿತಶತ್ರುವಿನಂತೆ. ಆದುದರಿಂದ ಹೊಸ ವಾರ್ತೆಯ ಅವಶ್ಯಕತೆಯು ರೈನಿಗಿಂತ ಗಂಗೆಗೆ ಹೆಚ್ಚು. 1986ರಲ್ಲಿ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರವು ಸ್ಥಾಪಿತವಾಗಿ, ಅದೇ ವರ್ಷ ಹಾಲ್ದಿಯಾದಿಂದ ಅಲಹಾಬಾದಿನವರೆಗಿನ 1,620 ಕಿಲೋಮೀಟರ್ ದಾರಿಯು ಮೊದಲನೆಯ ರಾಷ್ಟ್ರೀಯ ಜಲಮಾರ್ಗವಾಯಿತು. 2016ರ ಜನವರಿಯಲ್ಲಿ ಹಾಲ್ದಿಯಾ ಮತ್ತು ಫರಕ್ಕಾಗಳ ನಡುವೆ ನದೀವಾರ್ತಾ ಸೇವೆಯು ಪ್ರಾರಂಭವಾಯಿತು. ಯಾವ ಭಾಗದಲ್ಲಿ ಕನಿಷ್ಠ ಎಷ್ಟು ಆಳವುಂಟೆಂಬುದನ್ನು ಸಾರ್ವಜನಿಕರಿಗೆ ತಿಳಿಸುವ ಏರ್ಪಾಡು 2018ರಲ್ಲಿ ಬಂದಿತು.

ಇಲ್ಲಿ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ರೈನ್ ನದಿಯ ನಿಯಮದಲ್ಲಿ ಇಪ್ಪತ್ತು ಮೀಟರಿಗಿಂತ ಚಿಕ್ಕದಾದ ದೋಣಿಗಳಿಗೆ ಸಾಮಾನ್ಯವಾಗಿ ಸ್ವಯಂಪರಿಚಯ ಯಂತ್ರದ ಕಡ್ಡಾಯವಿಲ್ಲ. ನಮ್ಮ ನದಿಗಳಲ್ಲಿ ಅಂತಹ ದೋಣಿಗಳದೇ ಬಹುಸಂಖ್ಯೆ. ಮೀನುಗಾರನ ದೋಣಿ, ಕಡವಿನ ದೋಣಿ, ಹರಿಗೋಲು ಇವು ಯಾವುವೂ ದೊಡ್ಡ ಹಡಗಿನವನ ಪಟದ ಮೇಲೆ ಕಾಣಿಸವು. ಪಟದಲ್ಲಿ ಕಾಣದುದು ನದಿಯಲ್ಲಿಯೂ ಇಲ್ಲವೆಂದು ತಿಳಿಯುವ ಅಭ್ಯಾಸವು ಬೆಳೆದರೆ, ಹಿಂದೆ ಸುಂಕದ ಕಟ್ಟೆಯವರು ಬಡವರಿಗೆ ದಾರಿಯನ್ನು ಮುಚ್ಚಿದಂತೆ, ಈಗ ಯಂತ್ರವುಳ್ಳವರು ಯಂತ್ರವಿಲ್ಲದವರಿಗೆ ಮುಚ್ಚಿದಂತಾಗುವುದು. ಎಲ್ಲರ ಅರಿವೆಂಬ ಹೆಸರು ಸಾರ್ಥಕವಾಗಬೇಕಾದರೆ ಅತ್ಯಂತ ಚಿಕ್ಕ ದೋಣಿಯವನಿಗೂ ಅದು ತಲಪಬೇಕು. ಅವನಿಂದಲೂ ಅದು ಬರಬೇಕು.

ಅವನಿಂದ ಬರಬೇಕೆಂದೆನಷ್ಟೆ. 2016ರ ಕಾನೂನಿನಿಂದ ರಾಷ್ಟ್ರೀಯ ಜಲಮಾರ್ಗಗಳ ಸಂಖ್ಯೆಯು 111ಕ್ಕೆ ಏರಿತು. ನಮ್ಮ ಕರಾವಳಿಯ ಕಾಳಿ, ಶರಾವತಿ, ನೇತ್ರಾವತಿಗಳ ಹೆಸರುಗಳೂ ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಡಗುಗಳು ಬರುವುದಿಲ್ಲ. ಆ ವಿಷಯದಲ್ಲಿ ನಾನು ಭವಿಷ್ಯವನ್ನು ನುಡಿಯಲಾರೆ. ಆದರೆ ಎಂದಾದರೊಂದು ದಿನ ಈ ನದಿಗಳ ವಿದ್ಯುನ್ಮಾನ ಭೂಪಟವನ್ನು ಮಾಡಹೊರಟವರು, ಅಳಿವೆಯ ಮರಳು ಯಾವ ಗಾಳಿಗೆ ಯಾವ ಕಡೆಗೆ ಸರಿಯುವುದೆಂದು ಕೇಳಿದರೆ ಹೇಳುವವರು ಯಾರು? ಸೇತುವೆಗಳಾದ ಮೇಲೆ ಕಡವುಗಳು ಒಂದೊಂದಾಗಿ ನಿಂತವು. ಹಳೆಯ ಅಂಬಿಗರಲ್ಲಿ ಬದುಕಿರುವವರು ಕೆಲವರು ಮಾತ್ರ. ಒಂದೊಂದು ಬಂಡೆಗೂ ಒಂದೊಂದು ಸುಳಿಗೂ ಅವರು ಇಟ್ಟ ಹೆಸರುಗಳು ಯಾವ ಪುಸ್ತಕದಲ್ಲಿಯೂ ಸೇರಿಲ್ಲ.

ನಮ್ಮಂತಹ ಸಾಹಿತ್ಯ ಸಂಘಗಳು ಶಾಸನಗಳನ್ನೂ ಓಲೆಗರಿಗಳನ್ನೂ ಹುಡುಕಿ ಕಾಪಾಡುವುದನ್ನು ಕರ್ತವ್ಯವೆಂದು ಎಣಿಸಿವೆ. ಹೊಳೆಯ ದಂಡೆಯಲ್ಲಿ ಕುಳಿತಿರುವ ವೃದ್ಧನ ನಾಲಗೆಯೂ ಒಂದು ಓಲೆಗರಿಯೇ; ಅದು ಹುಳು ಹಿಡಿಯುವವರೆಗೂ ಕಾಯುವುದಿಲ್ಲ. ನಮ್ಮ ಊರಿನ ಅಂಬಿಗನು ತೀರಿಕೊಂಡು ಬಹಳ ವರ್ಷಗಳಾದವು. ಆತನ ದೋಣಿಯಲ್ಲಿ ಅಷ್ಟು ಬಾರಿ ಕುಳಿತು ಹೋದ ನಾನು, ಓದುಬರಹ ಬಲ್ಲವನೆಂದು ಹೆಮ್ಮೆಪಟ್ಟವನು, ಆತನನ್ನು ಒಂದು ದಿನವೂ ಏನನ್ನೂ ಕೇಳಿ ಬರೆದುಕೊಳ್ಳಲಿಲ್ಲ. ಆ ತಪ್ಪನ್ನು ಈಗ ತಿದ್ದಲಾರೆ. ಈ ಲೇಖನವನ್ನು ಓದಿದ ಮನೆಗಳಲ್ಲಿ ಯಾರಾದರೂ ಒಬ್ಬ ಹುಡುಗನು ಒಂದು ನೋಟುಬುಕ್ಕನ್ನು ಹಿಡಿದು ಹೊಳೆಯ ಕಡೆಗೆ ಹೋದರೆ, ನನ್ನ ಶ್ರಮವು ಸಫಲವಾಯಿತೆಂದು ತಿಳಿಯುವೆನು.